ಹಳಿಯಿಲ್ಲದ ಜಿಲ್ಲೆಯಲ್ಲಿ ಒಂದು ಎಂಜಿನ್

ನಮ್ಮ ಮನೆಯ ಜಗಲಿಯಲ್ಲಿ ಹಾಕಿರುವ ರೈಲು ಹಳಿಗಳ ನಡುವಿನ ಅಂತರ 37.5 ಮಿಲಿಮೀಟರ್. ಸಕಲೇಶಪುರ ಸ್ಟೇಷನ್ನಿನ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಹತ್ತಿರ ಹತ್ತಿರ 45 ಬರುತ್ತದೆ. ಎರಡು ಮಳೆಗಾಲದಿಂದ ನಾನೂ ನನ್ನ ಅಕ್ಕನ ಮಗನೂ ಈ 45ರ ಹಿಂದೆ ಬಿದ್ದಿದ್ದೇವೆ. ನಿಜವಾದ ಎಂಜಿನ್ನಿನಲ್ಲಿ 45 ಸೆಂಟಿಮೀಟರ್ ಇದ್ದದ್ದು ನಮ್ಮದರಲ್ಲಿ 1 ಸೆಂಟಿಮೀಟರ್ ಆಗಬೇಕು. ನಿಯಮ ಅಷ್ಟೇ. ಕಟ್ಟುವ ಸಾಮಾನು ಮಾತ್ರ ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆ, ಅಂದರೆ ಲೆಗೊ ಮತ್ತು ಅದರಂಥವೇ ಆದ ಅಗ್ಗದ ಇಟ್ಟಿಗೆಗಳು.

ಊರಲ್ಲಿ ಇದನ್ನು ನೋಡಿದವರು ಮೊದಲು ನಗುತ್ತಾರೆ. ಕೊಡಗಿನಲ್ಲಿ ಕೂತು ರೈಲು ಕಟ್ಟುವುದೆಂದರೆ ಬಯಲುಸೀಮೆಯಲ್ಲಿ ಕೂತು ದೋಣಿ ಕಟ್ಟಿದ ಹಾಗೆ. ನಮ್ಮ ಜಿಲ್ಲೆಯಲ್ಲಿ ಒಂದೇ ಒಂದು ಕಿಲೋಮೀಟರ್ ರೈಲು ಹಳಿಯಿಲ್ಲ. ಮಡಿಕೇರಿಯ ರಾಜಾಸೀಟಿನ ಪಕ್ಕದ ಪುಟಾಣಿ ರೈಲೇ ನಮ್ಮ ಪಾಲಿಗೆ ರೈಲು. ನಿಜವಾದ ರೈಲು ಹತ್ತಬೇಕೆಂದರೆ ದಕ್ಷಿಣದವರು ಮೈಸೂರಿಗೋ ತಲಶ್ಶೇರಿಗೋ ಹೋಗುತ್ತಾರೆ. ಶನಿವಾರಸಂತೆ ಕಡೆಯವರಾದ ನಮಗೆ ಸಕಲೇಶಪುರ.

ನಮ್ಮ ಭಾವ ಗಲ್ಫ್‌ನಲ್ಲಿ ಕೆಲಸ ಮಾಡುತ್ತಾರೆ. ಒಮ್ಮೆ ರಜೆಗೆ ಬಂದಾಗ ಯಾರೋ ಬಳಸಿ ಬಿಟ್ಟ ಲೆಗೊ ರೈಲಿನ ಸೆಟ್ಟೊಂದನ್ನು ತಂದರು. ಒಂದು ಮೋಟಾರು, ಒಂದು ಬ್ಯಾಟರಿ ಡಬ್ಬಿ, ಒಂದು ಸುತ್ತು ಹಳಿ, ಯುರೋಪಿನ ಯಾವುದೋ ಚೂಪು ಮೂಗಿನ ಎಂಜಿನ್. ಹುಡುಗ ನಾಲ್ಕು ದಿನ ಓಡಿಸಿದ. ಐದನೇ ದಿನ, "ಮಾವ, ಇದು ನಮ್ಮ ರೈಲಲ್ಲ. ನಮ್ಮದು ಹಿಂಗಿರಲ್ಲ" ಅಂದ. ಅವನು ಅದುವರೆಗೆ ರೈಲು ನೋಡಿದ್ದೇ ಎರಡು ಸಲ. ಆದರೂ ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಈ ಇಟ್ಟಿಗೆಯ ಕಥೆ ಸ್ವಲ್ಪ ಹೇಳಬೇಕು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದ. ಅದೇ ಮುಂದೆ ಲೆಗೊ ಕಂಪನಿಯಾಯಿತು. ಈಗಿನ ಪ್ಲಾಸ್ಟಿಕ್ ಇಟ್ಟಿಗೆಯ ರೂಪಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ, ವಿದ್ಯುತ್ತಿನಿಂದ ಓಡುವ ರೈಲು ಬಂದದ್ದು 1966ರಲ್ಲಿ. 1958ರ ಇಟ್ಟಿಗೆ ಇವತ್ತಿನ ಇಟ್ಟಿಗೆಗೂ ಕೂರುತ್ತದೆ. ಅಷ್ಟು ಕಟ್ಟುನಿಟ್ಟಾದ ಅಳತೆ ಅದು.

ಇಟ್ಟಿಗೆಯ ತಲೆಯ ಮೇಲೆ ಸಣ್ಣ ಉಬ್ಬುಗಳಿರುತ್ತವಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಗುಂಡಿ ಅನ್ನುತ್ತೇವೆ, ಅಂಗಿ ಗುಂಡಿಯ ಹಾಗೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ತೆಳ್ಳಗಿನ ಹಲಗೆ ತುಂಡೊಂದು ಬರುತ್ತದೆ, ಅದು 3.2 ಮಿ.ಮೀ. ಅಂಥ ಮೂರು ಸೇರಿದರೆ ಒಂದು ಇಟ್ಟಿಗೆ. ಐದು ಹಲಗೆ ಪೇರಿಸಿದರೆ 16 ಮಿ.ಮೀ., ಅಂದರೆ ಸರಿಯಾಗಿ ಎರಡು ಗುಂಡಿ. ಈ ಕೊನೆಯ ಲೆಕ್ಕ ಗೊತ್ತಿದ್ದರೆ ಇಟ್ಟಿಗೆಯನ್ನು ಅಡ್ಡ ಮಲಗಿಸಿ ಗೋಡೆ ಕಟ್ಟಬಹುದು, ಸಂದು ಬರುವುದಿಲ್ಲ. ಎಂಜಿನ್ನಿನ ಮೈಮೇಲಿನ ಬಿಳಿ ಪಟ್ಟೆ ನಮಗೆ ಸಿಕ್ಕಿದ್ದು ಹೀಗೆ.

ಯಾವ ಎಂಜಿನ್ ಕಟ್ಟುವುದು ಎಂಬುದರಲ್ಲಿ ಜಗಳವಾಗಲಿಲ್ಲ. ಹಳೆಯ ಆಲ್ಕೊ ಡೀಸೆಲ್, ಡಬ್ಲ್ಯುಡಿಎಂ-2. ಹೆಸರು ಕೇಳಿ ಹೆದರಬೇಡಿ. ಡಬ್ಲ್ಯು ಅಂದರೆ ಅಗಲ ಹಳಿ, ಡಿ ಅಂದರೆ ಡೀಸೆಲ್, ಎಂ ಅಂದರೆ ಜನರ ಗಾಡಿಗೂ ಗೂಡ್ಸಿಗೂ ಎರಡಕ್ಕೂ ಆಗುವಂಥದ್ದು. ಅಮೆರಿಕದ ಆಲ್ಕೊ ಕಂಪನಿಯಿಂದ 1962ರಲ್ಲಿ ಮೊದಲು ಬಂತು. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 2,600 ಅಶ್ವಶಕ್ತಿ. ಉದ್ದ ಮೂತಿ, ಒಂದು ತುದಿಗೆ ಹತ್ತಿರ ಡ್ರೈವರ್ ಕೋಣೆ, ಎರಡೂ ಪಕ್ಕ ನಡೆದಾಡುವ ಓಣಿ. ಹೊರಡುವಾಗ ಕಪ್ಪು ಹೊಗೆ ಕಾರಿ ಗುಡುಗುಡು ಅನ್ನುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈಗ ಕರೆಂಟಿನ ಎಂಜಿನ್ನುಗಳ ಕಾಲ. ಆಲ್ಕೊ ಅಪರೂಪವಾಗುತ್ತಿದೆ.

ಅಳತೆ ತೆಗೆಯಲು ಒಂದು ಉಪಾಯವಿದೆ. ಟೇಪು ಹಿಡಿದು ಎಂಜಿನ್ನಿನ ಹತ್ತಿರ ಹೋದರೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಸರಿಯಾಗಿ ಪಕ್ಕದಿಂದ ಫೋಟೊ ತೆಗೆದಿದ್ದರೆ ಸಾಕು. ಹೊಸ ಚಕ್ರದ ವ್ಯಾಸ 1,092 ಮಿ.ಮೀ. ಎಂದು ಗೊತ್ತು. ಫೋಟೊದಲ್ಲಿ ಚಕ್ರ ಸ್ಕೇಲಿಗೆ 1 ಸೆಂ.ಮೀ. ಬಂದು, ಬಾಗಿಲು 1.7 ಸೆಂ.ಮೀ. ಬಂದರೆ ಬಾಗಿಲಿನ ಎತ್ತರ ಚಕ್ರದ 1.7 ಪಟ್ಟು. ನಾನು ಎಷ್ಟೋ ವರ್ಷದ ಹಿಂದೆ ತೆಗೆದ ಫೋಟೊ ಒಂದನ್ನು ಪೇಟೆಯ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆವು. ಹುಡುಗ ಅದರ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದೂ ಎಳೆದೂ ಹಾಳೆ ಹರಿಯಿತು. ಶಾಲೆಯಲ್ಲಿ ಅನುಪಾತದ ಲೆಕ್ಕ ಅಂದರೆ ಹೊಟ್ಟೆನೋವು ಅನ್ನುವ ಹುಡುಗ ಇವನೇ.

ಲೆಕ್ಕ ಹೀಗೆ ಬಂತು. ಉದ್ದ ಸುಮಾರು 17 ಮೀಟರ್, 45ರಿಂದ ಭಾಗಿಸಿದರೆ 378 ಮಿ.ಮೀ., ಅಂದರೆ 47 ಗುಂಡಿ. ಅಗಲ ಸುಮಾರು 2.9 ಮೀಟರ್, ಅದು 64 ಮಿ.ಮೀ., ಸರಿಯಾಗಿ 8 ಗುಂಡಿ. ಇದು ನಮ್ಮ ಅದೃಷ್ಟ. ಚಕ್ರ 24 ಮಿ.ಮೀ., ಮೂರು ಗುಂಡಿ. ಸೆಟ್ಟಿನಲ್ಲಿ ಬಂದ ಚಕ್ರ ಇದಕ್ಕಿಂತ ಸಣ್ಣದು, ಇನ್ನೂ ಅದರಲ್ಲೇ ಓಡಿಸುತ್ತಿದ್ದೇವೆ, ಕಣ್ಣಿಗೆ ಚುಚ್ಚುತ್ತದೆ. ಯುರೋಪಿನ ಹಳಿ 1,435 ಮಿ.ಮೀ. ಇರುವುದರಿಂದ ಅಲ್ಲಿನವರಿಗೆ ಈ ಭಾಗಲಬ್ಧ 38 ಬರುತ್ತದೆ. ಅವರ ನಕ್ಷೆಯನ್ನು ಹಾಗೇ ತಂದು ನಮ್ಮ ಎಂಜಿನ್ನಿಗೆ ಹಾಕಿದರೆ ಸರಿಯಾಗದು. ನಮ್ಮ ಅಪ್ಪ ಓಡಾಡಿದ್ದು ಮೀಟರ್ ಗೇಜಿನ ಕಾಲದಲ್ಲಿ. ಆ ಎಂಜಿನ್ನನ್ನು ಇದೇ ಹಳಿಗೆ ಕಟ್ಟಹೊರಟರೆ 27ರಿಂದ ಭಾಗಿಸಬೇಕು, ಬೆಕ್ಕಿನ ಹಾದಿಯಲ್ಲಿ ಎಮ್ಮೆ ನಿಲ್ಲಿಸಿದ ಹಾಗಾಗುತ್ತದೆ.

ಮೊದಲು ಕಟ್ಟುವುದು ಕಂಪ್ಯೂಟರಿನಲ್ಲಿ. ಸ್ಟುಡಿಯೊ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಇಟ್ಟಿಗೆಗೆ ಬರವಿಲ್ಲ, ಎಷ್ಟು ಬೇಕಾದರೂ ಜೋಡಿಸಿ, ಕೆಡವಿ. ಕೊನೆಗೆ ಯಾವ ಇಟ್ಟಿಗೆ ಎಷ್ಟು ಬೇಕು ಎಂಬ ಪಟ್ಟಿ ಕೊಡುತ್ತದೆ. ಇಂಥದ್ದಕ್ಕೆಲ್ಲ ದಾರಿ ಹಾಕಿದವನು ಜೇಮ್ಸ್ ಜೆಸ್ಸಿಮನ್ ಎಂಬ ಆಸ್ಟ್ರೇಲಿಯಾದ ಯುವಕ. 1995ರಲ್ಲಿ ಎಲ್‌ಡ್ರಾ ಎಂಬುದನ್ನು ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟ. ಎರಡೇ ವರ್ಷಕ್ಕೆ ತೀರಿಕೊಂಡ. ಅವನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಜೂನ್-ಜುಲೈನಲ್ಲಿ ನಮ್ಮ ಕಡೆ ಕರೆಂಟು ಇರುವುದೇ ಕಡಿಮೆ. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವ ಮೊದಲು ಒಂದು ಬಾಗಿಲು, ಒಂದು ಕಿಟಕಿ ಎಂದು ಮುಂದೆ ಸಾಗಿದೆವು.

ಕಂಪ್ಯೂಟರಿನಲ್ಲಿ ಚೆಂದ ನಿಂತದ್ದು ಕೈಯಲ್ಲಿ ನಿಲ್ಲುವುದಿಲ್ಲ. ಮೂತಿಯ ಅಗಲ 6 ಗುಂಡಿ ಇಟ್ಟೆವು, ಎರಡೂ ಪಕ್ಕ ಓಣಿಗೆ ಒಂದೊಂದು. ಒಳಗೆ ಕೂರುವ ಬ್ಯಾಟರಿ ಡಬ್ಬಿ 4 ಗುಂಡಿ ಅಗಲ. ಉಳಿದದ್ದು ಗೋಡೆಗೆ ಒಂದೊಂದೇ ಗುಂಡಿ. ಅಷ್ಟರಲ್ಲೇ ಬಾಗಿಲು, ಜಾಲರಿ, ಪಟ್ಟೆ ಎಲ್ಲ ತೋರಿಸಬೇಕು. ಅದಕ್ಕಿಂತ ಕಷ್ಟ ಕೆಳಗಿನದು. ಆಲ್ಕೊ ಎಂಜಿನ್ನಿನ ಅಡಿಯಲ್ಲಿ ಎರಡು ಬೋಗಿ, ಒಂದೊಂದಕ್ಕೆ ಮೂರು ಅಚ್ಚು. ಆ ಮೂರು ಅಚ್ಚುಗಳ ನಡುವಿನ ಅಂತರ ಒಂದೇ ಸಮ ಇಲ್ಲ, ಎರಡು ಹತ್ತಿರ, ಒಂದು ದೂರ. ದೂರದಿಂದ ನೋಡಿದರೂ ಇದು ಆಲ್ಕೊ ಎಂದು ಗುರುತು ಹಿಡಿಯುವುದು ಇದರಿಂದಲೇ. ಆಟಿಕೆಯ ಮೋಟಾರಿಗೆ ಇರುವುದು ಎರಡೇ ಅಚ್ಚು. ಮೂರನೆಯದನ್ನು ನಾವು ಸೇರಿಸಬೇಕು, ಸೇರಿಸಿದರೆ ತಿರುವಿನಲ್ಲಿ ಹಳಿ ಬಿಟ್ಟು ಎಗರುತ್ತದೆ.

ತಪ್ಪು ತಿರುವಿನದು. ಅಂಗಡಿಯಲ್ಲಿ ಸಿಗುವ ಬಾಗಿದ ಹಳಿಯ ತ್ರಿಜ್ಯ 40 ಗುಂಡಿ, 32 ಸೆಂ.ಮೀ. ಅದನ್ನು 45ರಿಂದ ಗುಣಿಸಿದರೆ ಸುಮಾರು 14 ಮೀಟರ್. ನಮ್ಮ ದೇಶದ ಅಗಲ ಹಳಿಯಲ್ಲಿ 175 ಮೀಟರಿಗಿಂತ ಬಿಗಿಯಾದ ತಿರುವಿಗೆ ಅವಕಾಶವಿಲ್ಲ. ಅಳತೆ ಸರಿಯಾಗಿ ಮಾಡಹೊರಟರೆ ನಮಗೆ ಬೇಕಾದ ತ್ರಿಜ್ಯ ಸುಮಾರು 3.9 ಮೀಟರ್. ಅಂದರೆ ಒಂದು ಸುತ್ತಿಗೆ ಕಾಫಿ ಒಣಗಿಸುವ ಕಣವಿಡೀ ಬೇಕು. "ಕಣದಲ್ಲೇ ಹಾಕಣ ಮಾವ" ಅಂದ ಹುಡುಗ. ನಮ್ಮಮ್ಮ ಅವನ ಮುಖವನ್ನು ಒಮ್ಮೆ ನೋಡಿದಳು, ಆ ಮಾತು ಅಲ್ಲಿಗೆ ನಿಂತಿತು. ನಡುವಿನ ಅಚ್ಚು ಅತ್ತಿತ್ತ ಒಂದಿಷ್ಟು ಜಾರುವ ಹಾಗೆ ಮಾಡಿ ಸುಧಾರಿಸಿದೆವು.

ಇನ್ನು ತೂಕ. ಡಬ್ಲ್ಯುಡಿಎಂ-2 ತೂಗುವುದು 112.8 ಟನ್. ಉದ್ದ, ಅಗಲ, ಎತ್ತರ ಮೂರೂ 45 ಪಾಲು ಕುಗ್ಗುವುದರಿಂದ ತೂಕವನ್ನು 45ರಿಂದ ಮೂರು ಸಲ ಭಾಗಿಸಬೇಕು. ಸುಮಾರು 1 ಕೆ.ಜಿ. 240 ಗ್ರಾಂ ಬರುತ್ತದೆ. ಮೆಣಸು ತೂಗುವ ತಕ್ಕಡಿಯಲ್ಲಿ ನಮ್ಮ ಎಂಜಿನ್ 700 ಗ್ರಾಂ ತೂಗಿತು. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮೂತಿಯೊಳಗೆ ತುಂಬಿ ಕಿಲೋ ದಾಟಿಸಿದೆವು. ತೂಕ ಏಕೆ ಬೇಕು ಅಂದರೆ, ಎಂಜಿನ್ನಿಗೆ ಎಷ್ಟು ಶಕ್ತಿ ಇದ್ದರೂ ಚಕ್ರ ಹಳಿಯನ್ನು ಒತ್ತಿ ಹಿಡಿಯದಿದ್ದರೆ ಅದು ಸುಮ್ಮನೆ ತಿರುಗುತ್ತದೆ, ಕೆಸರಿನಲ್ಲಿ ಜೀಪು ಹೂತ ಹಾಗೆ. ನಿಜವಾದ ಎಂಜಿನ್ನುಗಳು ಚಕ್ರದ ಬುಡಕ್ಕೆ ಮರಳು ಉದುರಿಸುತ್ತವೆ. ನಾವು ಬಲೂನಿನ ಕುತ್ತಿಗೆಯಿಂದ ಕತ್ತರಿಸಿದ ರಬ್ಬರ್ ಉಂಗುರವನ್ನು ಚಕ್ರಕ್ಕೆ ತೊಡಿಸಿದೆವು.

ಆಮೇಲೆ ಏರು ಹತ್ತಿಸುವ ಆಸೆ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ 55 ಕಿ.ಮೀ. ಘಾಟಿಯಲ್ಲಿ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಎರಡು ಮೀಟರಿನ ಹಲಗೆ ತಂದು ಒಂದು ತುದಿಯನ್ನು 4 ಸೆಂ.ಮೀ. ಎತ್ತಿದರೆ ಅದೇ ಏರು. ನೋಡಿದರೆ ಮಟ್ಟವಾಗಿಯೇ ಇದೆ ಅನ್ನಿಸುತ್ತದೆ, ನಮ್ಮೂರ ರಸ್ತೆಯ ಮುಂದೆ ಅದೇನೂ ಅಲ್ಲ. ಆದರೆ ಮಟ್ಟದಲ್ಲಿ ಆರು ಡಬ್ಬಿ ಎಳೆದ ಎಂಜಿನ್ ಅಲ್ಲಿ ಮೂರಕ್ಕೇ ಸುಸ್ತಾಯಿತು. ನಾಲ್ಕನೆಯದು ಕಟ್ಟಿದರೆ ನಿಂತಲ್ಲೇ ಚಕ್ರ ತಿರುಗಿತು. ಹುಡುಗ ಹಿಂದಿನಿಂದ ಬೆರಳಲ್ಲಿ ನೂಕಿದ, ಹತ್ತಿತು. ಘಾಟಿಯಲ್ಲೂ ಹಿಂದೆ ಬೇರೆ ಎಂಜಿನ್ ಹಚ್ಚಿ ನೂಕುತ್ತಾರೆ ಎಂದೆ. "ಹಂಗಾರೆ ನಾನೇ ಆ ಎಂಜಿನ್" ಅಂದ.

ಆ ಹಲಗೆಯ ಸುತ್ತ ಅವತ್ತು ಮನೆಯವರೆಲ್ಲ ಕೂತಿದ್ದರು. ಮಾತು ತಾನಾಗಿ ಕೊಡಗಿನ ರೈಲಿನ ಕಡೆ ಹೋಯಿತು. ಮೈಸೂರಿನಿಂದ ಕುಶಾಲನಗರಕ್ಕೆ 87 ಕಿ.ಮೀ. ಹೊಸ ಮಾರ್ಗದ ವಿಚಾರ ವರ್ಷಗಳಿಂದ ಕೇಳುತ್ತಿದ್ದೇವೆ. ಮೈಸೂರು–ತಲಶ್ಶೇರಿ ಮಾರ್ಗದ್ದು ಅದಕ್ಕೂ ಹಳೆಯ ಮಾತು. ಕಾಡು, ಆನೆದಾರಿ, ಕಾವೇರಿಯ ನೆಲ ಹಾಳಾಗುತ್ತದೆ ಎಂದು ಅದಕ್ಕೆ ಜಿಲ್ಲೆಯಲ್ಲಿ ವಿರೋಧ. ನಮ್ಮ ಚಿಕ್ಕಪ್ಪ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮೈಸೂರಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಹೋಗುವಾಗ ಪರವಾಗಿಲ್ಲ, ಬರುವಾಗ ಸೀಟಿನಲ್ಲಿ ನೆಟ್ಟಗೆ ಕೂರಲು ಆಗುವುದಿಲ್ಲ. "ರೈಲಾದ್ರೆ ಮಲಗಿಕೊಂಡು ಬರಬಹುದು ಕಣೋ" ಅನ್ನುವುದು ಅವರ ಒಂದೇ ವಾದ. ಅಮ್ಮನ ತವರು ಮಕ್ಕಂದೂರು ಕಡೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಅವರ ತೋಟದ ಅರ್ಧ ಹೊಳೆಗೆ ಹೋಯಿತು. ಹಲಗೆಯನ್ನೇ ನೋಡುತ್ತಾ ಅಮ್ಮ ಕೇಳಿದಳು, "ಆ ಗುಡ್ಡದಲ್ಲಿ ಇಂಥದ್ದನ್ನು ಎಲ್ಲಿ ಹಾಕ್ತಾರೆ?"

ಕೂತು ಲೆಕ್ಕ ಹಾಕಿದೆವು. ಕುಶಾಲನಗರಕ್ಕಿಂತ ಮಡಿಕೇರಿ ಸುಮಾರು 340 ಮೀಟರ್ ಎತ್ತರ. 50ಕ್ಕೆ 1ರಂತೆ ಎಡೆಬಿಡದೆ ಏರಿದರೂ 17 ಕಿ.ಮೀ. ಬೇಕು. ರಸ್ತೆಯೇ 30 ಕಿ.ಮೀ. ಇರುವುದರಿಂದ ಅದು ಆಗದ ಮಾತಲ್ಲ. ಆದರೆ ರಸ್ತೆಯ ಹಾಗೆ ರೈಲು ಮೈ ಬಳುಕಿಸುವುದಿಲ್ಲ. ತಿರುವು 175 ಮೀಟರಿಗಿಂತ ಬಿಗಿಯಾಗುವಂತಿಲ್ಲ, ಹಾಗಾಗಿ ಎದುರಿಗೆ ಬಂದ ಗುಡ್ಡವನ್ನು ಕಡಿಯಬೇಕು ಅಥವಾ ಕೊರೆಯಬೇಕು. ಸಕಲೇಶಪುರದ ಘಾಟಿಯಲ್ಲಿ 57 ಸುರಂಗ ಇರುವುದು ಅದಕ್ಕೇ. 1979ರಲ್ಲಿ ಶುರುವಾದ ಆ ಮಾರ್ಗ ಹಳಿ ಅಗಲ ಮಾಡಲು 1996ರಲ್ಲಿ ಮುಚ್ಚಿ, ಜನರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. 2018ರ ಅದೇ ಆಗಸ್ಟಿನಲ್ಲಿ ಅಲ್ಲೂ ಹಳಿಯ ಮೇಲೆ ಗುಡ್ಡ ಬಿದ್ದು ಗಾಡಿಗಳು ನಿಂತವು. ಇನ್ನು ಮಡಿಕೇರಿಯಿಂದ ಕರಾವಳಿಗೆ ಇಳಿಯಬೇಕೆಂದರೆ ಸಾವಿರದ ನೂರು ಮೀಟರಿಗೂ ಹೆಚ್ಚು ಇಳಿಯಬೇಕು, ಅದೇ ಲೆಕ್ಕದಲ್ಲಿ 55 ಕಿ.ಮೀ.ಗೂ ಮೇಲೆ ಒಂದೇ ಸಮ ಇಳಿಜಾರು.

ನನ್ನ ಅಭಿಪ್ರಾಯ ಇಷ್ಟು. ಕುಶಾಲನಗರದವರೆಗಿನ ನೆಲ ಬೇರೆ, ಅಲ್ಲಿಂದ ಮೇಲಿನ ನೆಲ ಬೇರೆ. ಚಿಕ್ಕಪ್ಪನಂಥವರಿಗಾಗಿ ಕೆಳಗಿನವರೆಗೆ ಬರಲಿ. ಮೇಲಕ್ಕೆ ಹತ್ತುವುದು ಬೇಡ. ರೈಲು ಬೇಕು, ರೈಲು ಬೇಡ ಎಂದು ಎರಡೇ ಗುಂಪು ಮಾಡಿ ಕೂಗುವವರು ಒಮ್ಮೆ ಎರಡು ಮೀಟರಿನ ಹಲಗೆಯನ್ನು ನಾಲ್ಕು ಸೆಂಟಿಮೀಟರ್ ಎತ್ತಿ ನೋಡಲಿ ಅನ್ನಿಸುತ್ತದೆ. ಚಿಕ್ಕಪ್ಪ ಮಾತ್ರ ಇದಕ್ಕೆ ಪೂರ್ತಿ ಒಪ್ಪಲಿಲ್ಲ. ಶನಿವಾರಸಂತೆಯಿಂದ ಕುಶಾಲನಗರಕ್ಕೆ ಹೋಗಲು ಬಸ್ಸೇ ತಾನೇ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಟ್ಟಲು ಮನಸ್ಸಿರುವವರಿಗೆ ಒಂದು ಮಾತು. ಕಂಪನಿಯ ಇಟ್ಟಿಗೆ ದುಬಾರಿ, ಎಲ್ಲವನ್ನೂ ಅದರಲ್ಲೇ ಕಟ್ಟುವ ಹಟ ಬೇಡ. ಚಕ್ರ, ಅಚ್ಚು, ಹಳಿ, ಹೊರೆ ಹೊರುವ ಅಡಿಹಲಗೆ, ಇಷ್ಟು ಒಳ್ಳೆಯದಿರಲಿ. ಮೇಲಿನ ಗೋಡೆಗೆ ಅಗ್ಗದ್ದು ನಡೆಯುತ್ತದೆ. ಬಣ್ಣ ಮಾತ್ರ ಒಂದೇ ಅಂಗಡಿಯಿಂದ ಒಂದೇ ಸಲ ತನ್ನಿ. ನಮ್ಮ ಎಂಜಿನ್ನಿನಲ್ಲಿ ಮೂರು ಥರದ ನೀಲಿ ಇದೆ. ಹಳೆಯ ಎಂಜಿನ್ ಅಲ್ಲವಾ, ಬಿಸಿಲಿಗೆ ಮಾಸಿದೆ ಅಂತ ಹುಡುಗ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಾನೆ.

ಸದ್ಯಕ್ಕೆ ಡ್ರೈವರ್ ಕೋಣೆಯ ಕಿಟಕಿ ಬಾಕಿ. ಮೂರು ಗುಂಡಿ ವ್ಯಾಸದ ಚಕ್ರವನ್ನು ಭಾವ ಮುಂದಿನ ರಜೆಗೆ ಬರುವಾಗ ತರುತ್ತೇನೆ ಎಂದಿದ್ದಾರೆ. ಅವರು ಬರುವುದು ಕಾಫಿ ಕೊಯ್ಲಿನ ಹೊತ್ತಿಗೆ. ಆಗ ಕಣ ಖಾಲಿ ಇರುವುದಿಲ್ಲ.