ಕೀಚಕದ ಜಾಡು

ಗಾಳಿಗೆ ಸಿಕ್ಕಿ ನುಡಿಯುವ ಬಿದಿರಿಗೆ ಸಂಸ್ಕೃತದಲ್ಲಿ ಕೀಚಕವೆಂದು ಹೆಸರು. ಅಮರಕೋಶವು ಈ ಅರ್ಥವನ್ನು ಹೇಳುತ್ತದೆ. ಕಾಳಿದಾಸನ ರಘುವಂಶ, ಕುಮಾರಸಂಭವಗಳೆರಡರಲ್ಲೂ ಈ ಬಿದಿರು ಬರುತ್ತದೆ. ಕುಮಾರವ್ಯಾಸನ ವಿರಾಟಪರ್ವವನ್ನು ಪಾಠ ಮಾಡುವಾಗಲೆಲ್ಲ ಈ ಮಾತನ್ನು ಹೇಳಿ ಮುಂದೆ ಸಾಗುವುದು ನನ್ನ ರೂಢಿ. ಅದನ್ನು ಕಿವಿಯಾರೆ ಕೇಳಿದ್ದು ಮಾತ್ರ ಕ್ಯಾಲಿಫೋರ್ನಿಯಾದ 395ನೆಯ ಹೆದ್ದಾರಿಯಲ್ಲಿ, ಅಣ್ಣನ ಮೋಟರ್‌ಹೋಮಿನೊಳಗೆ ಕುಳಿತು.

ನಿವೃತ್ತನಾದ ಮೇಲೆ ಅಣ್ಣ ಕೊಂಡ ಹಳೆಯ ಗಾಡಿಯದು. ಒಲೆ, ಮಂಚ, ಶೌಚದ ಕೋಣೆ ಎಲ್ಲವೂ ಅದರೊಳಗೇ. ವೇಗವು ಗಂಟೆಗೆ 55 ಮೈಲಿ ದಾಟಿತೆಂದರೆ ಎಲ್ಲಿಂದಲೋ ಸಣ್ಣಗೆ ಎಳೆದ ಸಿಳ್ಳು. ನನಗದು ಕಿರಿಕಿರಿ, ಶ್ರವಣಸಾಧನ ಧರಿಸುವ ಅಣ್ಣನಿಗೆ ಯಾತನೆ. ಆತ ಸಾಧನವನ್ನು ಕಳಚಿ ಜೇಬಿಗಿಟ್ಟು ಗಾಡಿ ಓಡಿಸುತ್ತಿದ್ದ; ಪಕ್ಕದಲ್ಲಿ ನಾನು ಮೂಕನಾಗುತ್ತಿದ್ದೆ. ಅಮ್ಮ ತೀರಿಕೊಂಡಾಗ ಆತ ಬಂದಿರಲಿಲ್ಲ. ಆರು ವರ್ಷಗಳಿಂದ ನಾಲಗೆಯ ತುದಿಯಲ್ಲಿ ನಿಂತಿದ್ದ ಆ ಪ್ರಶ್ನೆಯನ್ನು ಕೇಳಲೆಂದೇ ನಾನು ಅಷ್ಟು ದೂರ ಹೋಗಿದ್ದೆನೆಂದರೆ ತಪ್ಪಾಗದು.

ಲೋನ್ ಪೈನ್ ಊರಿನಲ್ಲಿ ತಂಗಿದ್ದ ರಾತ್ರಿ, "ಇದನ್ನು ಮಾರಿಬಿಡ್ತೀನಿ ಕಣೋ" ಎಂದ. ನಾಳೆ ಒಂದು ದಿನ ಹುಡುಕೋಣವೆಂದು ನಾನು ತಡೆದೆ.

ನನ್ನ ಅನುಮಾನವೆಲ್ಲ ಬಲಬದಿಯ ಬಾಗಿಲ ಮೇಲೆ, ಏಕೆಂದರೆ ಸಿಳ್ಳು ಕೇಳುತ್ತಿದ್ದುದು ಅತ್ತಣಿಂದಲೇ. ಕಾಗದದ ಚೂರನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಸುತ್ತಲೂ ಎಳೆದು ನೋಡಿದೆ; ರಬ್ಬರು ಎಲ್ಲ ಕಡೆಯೂ ಬಿಗಿಯಾಗಿಯೇ ಹಿಡಿದಿತ್ತು. ಹಸ್ತಪ್ರತಿಗಳೊಡನೆ ಏಗಿದವರಿಗೆ ಇದು ಹೊಸತಲ್ಲ. ದೋಷ ಕಾಣುವ ಸಾಲೊಂದು, ಹುಟ್ಟಿದ ಸಾಲೊಂದು. ಲಿಪಿಕಾರನ ಕಣ್ಣು ಮೇಲಿನ ಸಾಲಿನ ಪದದಿಂದ ಕೆಳಗಿನ ಅಂಥದೇ ಪದಕ್ಕೆ ಜಾರಿರುತ್ತದೆ; ನಾವು ಕೆಳಗಿನ ಸಾಲನ್ನೇ ತಿದ್ದುತ್ತ ಕೂರುತ್ತೇವೆ. (ನನ್ನ ಪಿಎಚ್.ಡಿ.ಯ ಎರಡು ವರ್ಷಗಳು ಹೀಗೆಯೇ ಹೋದವು.)

ಬೆಳಿಗ್ಗೆ ಉತ್ತರಕ್ಕೆ ಬಿಷಪ್‌ವರೆಗೆ ಹೋಗುವಾಗ ಸಿಳ್ಳು ತೆಳುವಾಗಿತ್ತು. ತಿರುಗಿ ದಕ್ಷಿಣಕ್ಕೆ ಹೊರಟೊಡನೆ ಜೋರಾಯಿತು. ಗಾಳಿ ಸಿಯೆರಾ ಪರ್ವತಗಳ ಕಡೆಯಿಂದ, ಪಡುವಣದಿಂದ, ಬೀಸುತ್ತಿತ್ತು. ಹೋಗುವಾಗ ಅದಕ್ಕೆ ಮರೆಯಾಗಿದ್ದ ಬಲಬದಿ ಈಗ ನೇರವಾಗಿ ಒಡ್ಡಿಕೊಂಡಿತ್ತು. ಅಲ್ಲಿಗೆ ಚಾವಣಿಯ ಕಿಂಡಿಗಳ ಮೇಲಿನ ಶಂಕೆ ಬಹುಮಟ್ಟಿಗೆ ತೀರಿತು.

ಒಂದೊಂದೇ ಸಂದನ್ನು ಮುಚ್ಚಿ ಪರೀಕ್ಷಿಸೋಣವೆಂದು ನಾನೆಂದೆ. ಅಣ್ಣ ಎಂಜಿನಿಯರು. "ಮೊದಲು ಸದ್ದು ನಿಲ್ಲಲಿ, ಆಮೇಲೆ ಒಂದೊಂದೇ ಬಿಚ್ಚೋಣ" ಎಂದು ಬಲಬದಿಯ ಸಂದು, ತೂತುಗಳಿಗೆಲ್ಲ ಬಣ್ಣಗಾರರ ನೀಲಿ ಟೇಪು ಮೆತ್ತಿದ. ಸದ್ದು ನಿಂತಿತು. ಅವನ ಕ್ರಮವೇ ಸರಿಯೆಂದು ಒಪ್ಪದೆ ವಿಧಿಯಿರಲಿಲ್ಲ. ಬಿಗ್ ಪೈನಿನಲ್ಲಿ ಬಾಗಿಲಿನದನ್ನು ಕಿತ್ತೆವು, ಮೌನ. ಮುಂದೆ ಕಿಟಕಿಯದು, ಆಗಲೂ ಮೌನ. ಇಂಡಿಪೆಂಡೆನ್ಸ್ ಸಮೀಪದಲ್ಲಿ, ಬಿಸಿಲಿಗೆ ಬಿಚ್ಚುವ ಬಟ್ಟೆಯ ಮೇಲ್ಕಟ್ಟಿನ ತೋಳಿನದನ್ನು ಕಿತ್ತು ಹೊರಟೆವು. 55 ದಾಟಿತು, ಸಿಳ್ಳು.

ಬಾಗಿಲ ಪಕ್ಕದಲ್ಲೇ ನಿಂತ ಟೊಳ್ಳು ಅಲ್ಯೂಮಿನಿಯಂ ತೋಳು. ಅದರಲ್ಲೊಂದು ತೂತು, ಅಲ್ಲಿದ್ದ ತಿರುಪು ಎಂದೋ ಉದುರಿಹೋಗಿತ್ತು. ತೂತಿನ ಅಂಚಿಗೆ ಬಡಿದ ಗಾಳಿ ಒಳಗಿನ ಗಾಳಿಯನ್ನು ಕಂಪಿಸುತ್ತಿತ್ತು. ಕೊಳಲು ನುಡಿಯುವುದೂ ಹಾಗೆಯೇ. ದುಂಬಿ ಕೊರೆದ ಬಿದಿರೂ ಅಷ್ಟೇ. ಅಣ್ಣ ಟೇಪಿನ ಉಂಡೆಯೊಂದನ್ನು ಮಾಡಿ ಅದರ ಬಾಯಿಗೆ ತುರುಕಿದ.

ಮತ್ತೆ ಹೊರಟಾಗ ಜೇಬಿನಿಂದ ಶ್ರವಣಸಾಧನವನ್ನು ತೆಗೆದು ಕಿವಿಗಿಟ್ಟುಕೊಂಡ. ನಾನು ಕೇಳಿದೆ.

"ಟಿಕೆಟ್ ತೆಗೆದಿದ್ದೆ," ಎಂದ, ರಸ್ತೆಯಿಂದ ಕಣ್ಣು ಕೀಳದೆ. "ಏರ್‌ಪೋರ್ಟಿಗೂ ಹೋಗಿದ್ದೆ. ಅಷ್ಟರಲ್ಲಿ ನೀನು ಫೋನ್ ಮಾಡಿದೆ. ಎಲ್ಲ ಮುಗೀತು, ಇನ್ನು ನೀನು ಬಂದೇನು ಪ್ರಯೋಜನ ಅಂದೆ."

ಹಾಗೆಂದದ್ದು ನಿಜ. ಸ್ಮಶಾನದಿಂದ ಬಂದು, ಒದ್ದೆಬಟ್ಟೆಯಲ್ಲೇ ಅಂಗಳದಲ್ಲಿ ನಿಂತು ಅಂದಿದ್ದೆ. ಮಾಂಜನಾರ್ ದಾಟಿ ಲೋನ್ ಪೈನ್ ಬರುವವರೆಗೂ ಇಬ್ಬರೂ ಮಾತನಾಡಲಿಲ್ಲ. ಅಣ್ಣ ಸಾಧನವನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ.