ಶ್ರೀಶೈಲದ ದಾರಿಗೆ ಯಾವ ಒಲೆ?

ಯುಗಾದಿ ಹತ್ತಿರ ಬಂದರೆ ನಮ್ಮ ಕೋಸಗಿ ಸೀಮೆಯಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವ ಮಾತು ಶುರು. ಈ ಸಲ ನಾವು ನಾಲ್ವರು ಮಾಸ್ತರೂ ಹೊರಟಿದ್ದೇವೆ. ೨೦೦ ಕಿ.ಮೀ. ಮೀರಿದ ದಾರಿ, ಹೊರೆಯೆಲ್ಲ ಬೆನ್ನ ಮೇಲೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇವೆ. ದಾರಿಯಲ್ಲಿ ಭಕ್ತರು ಅನ್ನವನ್ನೂ ಹಾಕುತ್ತಾರೆ. ಆದರೆ ನಮ್ಮ ಹಿರಿಯ ಮಾಸ್ತರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಗಂಜಿ ಬೇಕು. ಅದಕ್ಕೇ ಒಲೆಯ ಚರ್ಚೆ.

ಪಂಪ್ ಸ್ಟೋವ್ ಗಟ್ಟಿ ಆಸಾಮಿ, ೧೮೯೨ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್‌ನ ವಂಶ. ಆದರೆ ಹಿತ್ತಾಳೆಯ ಭಾರ. ಸೀಮೆಎಣ್ಣೆ ಸೋರಿದರೆ ರೊಟ್ಟಿಗೂ ಅದೇ ವಾಸನೆ!

ಚಾರಣಿಗರ ಗ್ಯಾಸ್ ಬರ್ನರ್ ಅಂಗೈಯಗಲ, ತೂಕ ೧೦೦ ಗ್ರಾಂ ಆಸುಪಾಸು. ೨೩೦ ಗ್ರಾಂ ಗ್ಯಾಸಿನ ಡಬ್ಬಿ ಸೇರಿದರೂ ಅರ್ಧ ಕಿಲೋ. ಹಿಮಾಲಯದ ಚಳಿಗೆ ಬ್ಯೂಟೇನ್ ಆವಿಯಾಗಲು ಮೊಂಡು ಹಿಡಿಯುತ್ತದೆ, ನಮ್ಮ ಬಿಸಿಲಿಗೆ ಆ ಚಿಂತೆಯಿಲ್ಲ. ಡಬ್ಬಿ ಮಾತ್ರ ನಮಗೆ ಆದೋನಿಯಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ತರೋಣವೆಂದರೆ ಗ್ಯಾಸು ನಿಷಿದ್ಧ. ಮನೆಯ ಸಿಲಿಂಡರಿನಿಂದ ತುಂಬಿಸಿದರಾಯಿತು ಎಂದವರೂ ಇದ್ದಾರೆ... ಬೇಡಪ್ಪಾ, ಜೀವ ದೊಡ್ಡದು. ಸ್ಪಿರಿಟ್ ಒಲೆ ಇನ್ನೂ ಹಗುರ, ಆದರೆ ಹಗಲಲ್ಲಿ ಅದರ ಉರಿಯೇ ಕಾಣಿಸದು.

ಅಸಲಿ ವಿಷಯ ಬೇರೆಯೇ ನೋಡಿ. ಆತ್ಮಕೂರು ದಾಟಿದರೆ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಳನು... ಪೂರ್ತಿ ನಲ್ಲಮಲ ಕಾಡು, ಹುಲಿ ರಕ್ಷಿತಾರಣ್ಯ. ಆಗ ತರಗೆಲೆಗಳು ಹಪ್ಪಳದಂತೆ ಒಣಗಿರುತ್ತವೆ. ಅಲ್ಲಿ ಬೆಂಕಿ ಹಚ್ಚುವಂತಿಲ್ಲ, ಯಾವ ಒಲೆಯಾದರೂ ಅಷ್ಟೇ. ಅದಕ್ಕೂ ಮುಂಚಿನ ದಾರಿಯಲ್ಲಿ ಊರೂರಿಗೂ ಚಹಾದಂಗಡಿ, ಬಿಸಿನೀರು ಸಿಕ್ಕೇ ಸಿಗುತ್ತದೆ.

ಹಾಗಾಗಿ ಒಲೆ ಕೊಳ್ಳುತ್ತಿಲ್ಲ. ಸ್ಟೀಲಿನ ಫ್ಲಾಸ್ಕ್ ಒಂದು, ತಣ್ಣೀರಲ್ಲೂ ಕಲಸಿ ಕುಡಿಯಬಹುದಾದ ಹುರಿಹಿಟ್ಟು, ಸಕ್ಕರೆ ದಿಢೀರನೆ ಇಳಿದರೆ ಇರಲಿ ಎಂದು ನಾಲ್ವರ ಜೇಬಲ್ಲೂ ಬೆಲ್ಲದ ಚೂರು. ಹಿರಿಯ ಮಾಸ್ತರ ಮನೆಯಲ್ಲಿ ಜೋಳ ಹುರಿಯಲು ಆಗಲೇ ಹೇಳಿಯಾಗಿದೆಯಂತೆ.