ಶಿವಮೊಗ್ಗದ ಕೋಟೆಯಿಂದ ಅಪ್ಪಾಜಿಗೆ

ಕೋಟೆ ರಸ್ತೆ, ಶಿವಮೊಗ್ಗ

ಅಪ್ಪಾಜಿ, ಕೋಟೆ ಆಂಜನೇಯನ ದರ್ಶನ ಆಯಿತೆಂದು ಅಮ್ಮನಿಗೆ ಹೇಳಿ, ಪ್ರಸಾದ ತರುತ್ತೇನೆ.

ತುಂಗೆಯ ದಡದ ಈ ಕೋಟೆ ಭಾಗದಲ್ಲೇ ಶಿವಪ್ಪನಾಯಕನ ಅರಮನೆ ಇದೆ. ಮೈಸೂರಿನ ಅರಮನೆಯ ವೈಭವ ಇಲ್ಲಿಲ್ಲ. ಇದು ಎರಡು ಅಂತಸ್ತಿನ ಮರದ ಕಟ್ಟಡ. ನಡುವೆ ದರ್ಬಾರ್ ಹಜಾರ, ಅಪ್ಪಿದರೆ ಕೈಗೆ ಸಿಗದಂಥ ದಪ್ಪ ಕಂಬಗಳು, ಕಂಬದಿಂದ ಕಂಬಕ್ಕೆ ಎಸಳೆಸಳಾಗಿ ಬಾಗಿದ ಕಮಾನುಗಳು. ಬೀಟೆಮರ ಎನ್ನುತ್ತಾರೆ. ಮೇಲಂತಸ್ತಿನ ಕೋಣೆಗಳ ಬಾಲ್ಕನಿಗಳಲ್ಲಿ ನಿಂತರೆ ಇಡೀ ಹಜಾರ ಕಾಣುತ್ತದೆ. ಅಂಗಳದಲ್ಲಿ ಸುತ್ತಮುತ್ತಲ ಊರುಗಳಿಂದ ತಂದ ವೀರಗಲ್ಲು, ಮಾಸ್ತಿಕಲ್ಲು, ಹೊಯ್ಸಳರ ಕಾಲದ ಮೂರ್ತಿಗಳು ಸಾಲಾಗಿವೆ. ಅವುಗಳನ್ನು ನೋಡಲೆಂದೇ ಇನ್ನೊಮ್ಮೆ ಬರಬೇಕು.

ಕೆಳದಿಯನ್ನು 1645ರಿಂದ 1660ರವರೆಗೆ ಆಳಿದ, ಗದ್ದೆ ತೋಟ ಅಳೆಸಿ ಕಂದಾಯದ ಶಿಸ್ತು ತಂದ ಶಿವಪ್ಪನಾಯಕನ ಹೆಸರು ಈ ಅರಮನೆಗೆ ಅಂಟಿಕೊಂಡಿದೆ. ಆದರೆ ಈಗ ನಿಂತಿರುವ ಕಟ್ಟಡ ಹೈದರಾಲಿ ಕಟ್ಟಿಸಿದ್ದು ಎನ್ನುತ್ತಾರೆ ಕಲಾ ಇತಿಹಾಸಕಾರ ಜಾರ್ಜ್ ಮಿಷೆಲ್. 1763ರಲ್ಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಬಿದ್ದ ಮೇಲೆ ಈ ಸೀಮೆ ಹೈದರನ ಕೈಸೇರಿತಲ್ಲ. ಕಮಾನುಗಳನ್ನು ನೋಡುವಾಗ ನಾವೆಲ್ಲ ಕೂಡಿ ಹೋಗಿದ್ದ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ನೆನಪಾಯಿತು. ನನಗೂ ಮಿಷೆಲ್ ಮಾತೇ ಸರಿ ಅನಿಸುತ್ತದೆ. ಕಟ್ಟಿಸಿದವರು ಯಾರೆಂಬ ಚರ್ಚೆಯಾದರೂ ಇದೆ. ತೊಲೆ ಕೂರಿಸಿದ ಬಡಗಿಗಳು, ಸುಣ್ಣ ಅರೆದ ಗಾರೆಯವರು ಯಾರೆಂದು ಕೇಳುವವರೇ ಇಲ್ಲ. ಅಲ್ಲಿ ನಿಂತಷ್ಟು ಹೊತ್ತೂ ಗಾರೆ ಕೆಲಸ ಮಾಡಿಸುತ್ತಿದ್ದ ತಾತನ ನೆನಪೇ ಕಾಡಿತು.

ಹಳೆಯ ಕಸುಬಿನ ಮಾತು ಬಂದಾಗ ಇನ್ನೊಂದು ಕಟ್ಟಡವೂ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ರಾಕ್ಸಿಟರ್ ಎಂಬ ಊರಿದೆ. ರೋಮನ್ನರ ಕಾಲದಲ್ಲಿ ವಿರೋಕೋನಿಯಂ ಎಂಬ ದೊಡ್ಡ ಪಟ್ಟಣವಾಗಿತ್ತು. ಅಲ್ಲಿನ ಅವಶೇಷಗಳ ಪಕ್ಕದಲ್ಲೇ, ಡೈ ಮಾರ್ಗನ್ ಇವಾನ್ಸ್ ಎಂಬ ಪ್ರಾಧ್ಯಾಪಕರ ನಕ್ಷೆಯಂತೆ, ಒಂದು ರೋಮನ್ ಮನೆಯನ್ನು ಹಳೆಯ ಪದ್ಧತಿಯಲ್ಲೇ ಹೊಸದಾಗಿ ಕಟ್ಟಿದರು. 2011ರಲ್ಲಿ ಅದು ಜನರಿಗೆ ತೆರೆಯಿತು. ಕಟ್ಟಿದವರು ಈ ಕಾಲದ ಮಾಮೂಲಿ ಕಟ್ಟಡ ಕೆಲಸಗಾರರು. ಕರೆಂಟಿನ ಯಂತ್ರಗಳನ್ನು ಬದಿಗಿಟ್ಟು ಕೈ ಹತಾರಗಳಲ್ಲಿ ಮರಗೆಲಸ, ಸುಣ್ಣದ ಗಾರೆ ಎಲ್ಲವನ್ನೂ ಮೊದಲಿಂದ ಕಲಿಯಬೇಕಾಯಿತು. ಅದನ್ನು ಟೀವಿಯಲ್ಲೂ ತೋರಿಸಿದರು.

ಅವರಿಗೆ ರೋಮನ್ನರ ಕೆಲಸವನ್ನು ಪಕ್ಕದಲ್ಲಿ ನಿಂತು ಹೇಳಿಕೊಡುವ ತಾತ ಇರಲಿಲ್ಲ ಅಪ್ಪಾಜಿ. ಉಳಿದಿರುವುದು ಬರಹ. ಎರಡು ಸಾವಿರ ವರ್ಷಗಳ ಹಿಂದೆ ವಿಟ್ರೂವಿಯಸ್ ಎಂಬ ರೋಮನ್ ವಾಸ್ತುಕಾರ ಬರೆದ ಗ್ರಂಥದಲ್ಲಿ ಗಾರೆಯ ಲೆಕ್ಕವಿದೆ: ಹೊಳೆ ಮರಳಾದರೆ ಎರಡು ಪಾಲಿಗೆ ಸುಣ್ಣ ಒಂದು ಪಾಲು. ಮಡಕೆ ಚೂರು ಕುಟ್ಟಿ, ಜರಡಿ ಹಿಡಿದು ಮೂರನೇ ಒಂದು ಪಾಲು ಬೆರೆಸಿದರೆ ಗಾರೆ ಇನ್ನೂ ಗಟ್ಟಿ. ನೇಪಲ್ಸ್ ಕಡೆಯವರು ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು, ಅದು ಸಿಗದ ಕಡೆ ಸುಟ್ಟ ಮಣ್ಣಿನ ಪುಡಿ. ಇದು ನಮ್ಮ ಸುರಕಿಯಲ್ಲವೇ! ತಾತ ಇಟ್ಟಿಗೆ ಕುಟ್ಟಿಸಿ ಜರಡಿ ಹಿಡಿಸುತ್ತಿದ್ದುದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಎತ್ತಿನ ಗಾಣದಲ್ಲಿ ಗಾರೆ ಅರೆಸುತ್ತಿದ್ದುದು, ಎಲ್ಲ ನೀವು ಹೇಳಿದ್ದೇ.

ಹಳೆಯ ಮನೆಯನ್ನು ಮತ್ತೆ ಕಟ್ಟಿ ನಿಲ್ಲಿಸುವ ಕೆಲಸ ನಮ್ಮಲ್ಲೂ ನಡೆದಿದೆ. ಘಟ್ಟದ ಕೆಳಗೆ ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ, ಕೆಡವಲು ನಿಂತಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಬಿಡಿಬಿಡಿಯಾಗಿ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಮುಧೋಳದ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ಭಟ್ಕಳದ ನವಾಯತರ ಮನೆ ಇವತ್ತು ಅಲ್ಲಿವೆ. ಶೆಣೈ 2017ರಲ್ಲಿ ತೀರಿಕೊಂಡರು. ಒಬ್ಬರ ಹಟಕ್ಕೆ ಇಷ್ಟು ಉಳಿಯಿತು. ಶಿವಮೊಗ್ಗದ ಈ ಅರಮನೆಯನ್ನು ಸರ್ಕಾರದ ಪುರಾತತ್ವ ಇಲಾಖೆ ದುರಸ್ತಿ ಮಾಡಿಸಿದೆ. ಆದರೆ ಮುಂದಿನ ದುರಸ್ತಿಗೆ ಗಾರೆ ಬಲ್ಲ ಕೈ ಎಲ್ಲಿಂದ ಬರಬೇಕು? ಗೋಡೆ ಕಾಯಲು ಇಲಾಖೆ ಇದೆ, ಕಸುಬು ಮನೆಯಲ್ಲೇ ಉಳಿಯಬೇಕು.

ಊರಮನೆಯ ಹಿತ್ತಿಲ ಗೋಡೆ ಉದುರುತ್ತಿದೆ, ಸಿಮೆಂಟ್ ಪ್ಲಾಸ್ಟರ್ ಮಾಡಿಸುತ್ತೇವೆ ಎಂದು ತಮ್ಮ ಫೋನಿನಲ್ಲಿ ಹೇಳಿದ. ದಯವಿಟ್ಟು ಬೇಡ. ನಿಮಗೆ ನಾನು ಹೇಳಬೇಕೇ? ಮಣ್ಣಿನ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಡಬೇಕು. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟ್ ಮುಚ್ಚಿಬಿಡುತ್ತದೆ. ತೇವ ಒಳಗೇ ನಿಂತರೆ ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ, ಪ್ಲಾಸ್ಟರ್ ಹಪ್ಪಳಿಕೆ ಎದ್ದು ಬೀಳುತ್ತದೆ. ಸುಣ್ಣಕ್ಕೆ ದಿನ ಹಿಡಿಯುತ್ತದೆ, ಕೂಲಿಯೂ ಹೆಚ್ಚು. ಆ ಹೆಚ್ಚಿನ ಖರ್ಚು ನನ್ನದು.

ಹಬ್ಬಕ್ಕೆ ನಾನು ಬರುವಷ್ಟರಲ್ಲಿ ಸುಣ್ಣ ನೆನೆಹಾಕಿಸಿಡಿ. ತಮ್ಮನ ಕೈಗೇ ಕರಣೆ ಕೊಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಡಿ. ನನಗೂ ಕಲಿಸಿ.

ಇಂತಿ,
ನಿಮ್ಮ ಮಗಳು